ಅವ್ವನ ಮಗ್ಗುಲು

ಲಕ್ವಾ ಹೊಡೆದ ಅವ್ವನನ್ನು ಧಾರವಾಡದಿಂದ ಪುಣೆಗೆ ಕರೆತಂದಾಗ ಗಾಳಿಹಾಸಿಗೆ ಬಾಡಿಗೆಗೆ ತಂದೆವು. ಅದರ ಕೋಶಗಳು ಸರದಿಯಂತೆ ಉಬ್ಬಿ ಇಳಿಯುವುದರಿಂದ ಮೈಭಾರ ಒಂದೇ ಕಡೆ ನಿಲ್ಲದು. ಮೇಲೆ ದಪ್ಪ ಕೌದಿ ಹಾಸಿದರೆ ಆ ಉಪಯೋಗ ಕುಂದುತ್ತದೆ. ಕೌದಿಯಿಲ್ಲದೆ ಅವ್ವನಿಗೆ ನಿದ್ದೆ ಹತ್ತದು, ಅದನ್ನು ಹೊದಿಸಿದೆವು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೊಂದು ದಿಂಬು, ಓರೆಯಾಗಿ ಮಲಗಲು ಬೆನ್ನಿಗೊಂದು.

ಆದರೂ ರಾತ್ರಿ ಎರಡೆರಡು ತಾಸಿಗೆ ಎದ್ದು ಮಗ್ಗುಲು ಬದಲಿಸಲೇಬೇಕು. ಆಗೆಲ್ಲ ಬಾಲಮೂಳೆಯ ಬಳಿ ಚರ್ಮ ನೋಡುತ್ತಿದ್ದೆ: ಕೆಂಪಾದಲ್ಲಿ ಬೆರಳೊತ್ತಿದರೂ ಬಣ್ಣ ಮಾಸದಿದ್ದರೆ ಹುಣ್ಣು ಶುರುವಾಗಿದೆಯೆಂದೇ ಅರ್ಥ.

“ನಿನ್ನ ನಿದ್ದಿ ಕೆಡಸ್ತೀನಿ” ಎಂದು ಅವ್ವ ನೊಂದುಕೊಳ್ಳುವಳು.

“ನಾ ಕೂಸಿದ್ದಾಗ ನಿನ್ನ ನಿದ್ದಿ ಕೆಡಸಿಲ್ಲೇನು?”

ಈಗ ಅವ್ವ ತಾನೇ ಮಗ್ಗುಲಾಗುತ್ತಾಳೆ. ಮೈಮೇಲೆ ಒಂದು ಹುಣ್ಣಿಲ್ಲ. ನನಗೆ ಮಾತ್ರ ಎರಡು ತಾಸಿಗೊಮ್ಮೆ ಇನ್ನೂ ಎಚ್ಚರವಾಗುತ್ತದೆ.