ದಿನ ಗೊತ್ತು ಮಾಡದ ಆಸೆಗಳು

ಬಳ್ಳಾರಿಯಲ್ಲಿ ಹುಟ್ಟಿ, ಬಳ್ಳಾರಿಯಲ್ಲೇ ಓದಿ, ಮಕ್ಕಳ ಮದುವೆ ಮುಗಿಸಿ ಮೊಮ್ಮಕ್ಕಳನ್ನು ಎತ್ತಿ ಆಡಿಸಿದ ಎಷ್ಟೋ ಮಂದಿ ಊರ ನಡುವಿನ ಕೋಟೆ ಗುಡ್ಡವನ್ನು ಒಮ್ಮೆಯೂ ಹತ್ತಿಲ್ಲ. ಕೇಳಿದರೆ, "ಹೋಗ್ಬೇಕು ಹೋಗ್ಬೇಕು ಅಂತ ಅಂದ್ಕೊಂತಾನೇ ಇದೀನಿ ನೋಡ್ರಿ, ಆಗ್ತಾನೇ ಇಲ್ಲ" ಎನ್ನುತ್ತಾರೆ. ಆ ಮಾತಿನಲ್ಲಿ ಸುಳ್ಳಿಲ್ಲ. ಹನುಮಪ್ಪ ನಾಯಕ ಕಟ್ಟಿಸಿದ ಮೇಲಿನ ಕೋಟೆ, ಹೈದರಾಲಿ ಕಾಲದ ಕೆಳಗಿನ ಕೋಟೆ, ಎದುರಿನ ಕುಂಬಾರ ಗುಡ್ಡವೇ ಎತ್ತರವೆಂದು ಗೊತ್ತಾದಾಗ ಕೋಟೆಯ ಫ್ರೆಂಚ್ ಎಂಜಿನಿಯರನನ್ನು ಹೈದರಾಲಿ ನೇಣಿಗೇರಿಸಿದನೆಂಬ ಕತೆ, ಇವೆಲ್ಲ ಊರವರಿಗೆ ಬಾಯಿಪಾಠ. ಕತೆ ಗೊತ್ತು, ದಾರಿ ಗೊತ್ತು, ಗುಡ್ಡ ಮನೆಯ ಮಾಳಿಗೆಯಿಂದಲೇ ಕಾಣುತ್ತದೆ. ಆದರೂ ಹತ್ತಿಲ್ಲ. ಇಂಥ ಆಸೆ ಒಂದೇ ಬಗೆಯದಲ್ಲ. ಕುರುಗೋಡಿನಲ್ಲಿ ಸಿಂದರ ಕಾಲದ ಗುಡಿಗಳನ್ನೆಲ್ಲ ಒಂದು ದಿನ ಸಾವಕಾಶವಾಗಿ ನೋಡಬೇಕೆಂದುಕೊಂಡವರಿದ್ದಾರೆ. ಸಿರುಗುಪ್ಪದಲ್ಲಿ ಹಾರ್ಮೋನಿಯಂ ಕಲಿಯಬೇಕೆಂದುಕೊಂಡವರಿದ್ದಾರೆ. ಅಜ್ಜಿಯಿಂದ ಹಂತಿ ಪದಗಳನ್ನು, ಬೀಸುಕಲ್ಲಿನ ಪದಗಳನ್ನು ಬರೆದಿಟ್ಟುಕೊಳ್ಳಬೇಕೆಂದುಕೊಂಡು, ಅಜ್ಜಿ ತೀರಿಹೋದ ಮೇಲೆ ಸುಮ್ಮನಾದವರು ಎಲ್ಲ ಊರಲ್ಲೂ ಇದ್ದಾರೆ. ಇದಕ್ಕೆಲ್ಲ ಸೋಮಾರಿತನವೇ ಕಾರಣವೆಂದು ಬೈಯುವುದು ಸುಲಭ. ಆ ಬೈಗುಳ ಅನ್ಯಾಯದ್ದು ಎಂದು ನನ್ನ ವಾದ. ಯಾವ ಆಸೆಗೆ ಒಂದು ದಿನ ಗೊತ್ತಾಗಿದೆಯೋ, ಆ ದಿನ ನಮಗಾಗಿ ಯಾರೋ ಕಾಯುತ್ತಿರುತ್ತಾರೋ, ಅದು ಈಡೇರುತ್ತದೆ. ಇವೆರಡೂ ಇಲ್ಲದ ಆಸೆ ಕೈಗೆಟುಕುವಷ್ಟು ಹತ್ತಿರದ್ದಾದರೂ ಹಾಗೇ ಉಳಿಯುತ್ತದೆ.

ಇದು ಬಳ್ಳಾರಿಯವರ ಗುಣವೇನೂ ಅಲ್ಲ. ಸುಝೇನ್ ಶು ಮತ್ತು ಆಯೆಲೆಟ್ ಗ್ನೀಝಿ ಎಂಬ ಇಬ್ಬರು ಸಂಶೋಧಕಿಯರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಶಿಕಾಗೋ, ಲಂಡನ್‌ನಂಥ ನಗರಗಳ ನಿವಾಸಿಗಳನ್ನೂ ಅಲ್ಲಿಗೆ ಬಂದುಹೋಗುವವರನ್ನೂ ಹೋಲಿಸಿ ನೋಡಿದರು. ಕೆಲವೇ ವಾರಗಳಿಗೆ ಬಂದವರು ಊರಿನ ಪ್ರಸಿದ್ಧ ತಾಣಗಳನ್ನು ನೋಡಿ ಮುಗಿಸಿದ್ದರು. ಅಲ್ಲೇ ವರ್ಷದಿಂದ ಮನೆ ಮಾಡಿಕೊಂಡಿದ್ದವರು ಅವರಷ್ಟೂ ನೋಡಿರಲಿಲ್ಲ. ಊರು ಬಿಟ್ಟು ಹೋಗುವವರು ಕೊನೆಯ ವಾರಗಳಲ್ಲಿ ಓಡಾಡಿ ನೋಡುತ್ತಿದ್ದರು. ಅದೇ ಅಧ್ಯಯನದ ಇನ್ನೊಂದು ಪ್ರಯೋಗ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ತಿಂಡಿ ಅಂಗಡಿಯ ಉಡುಗೊರೆ ಚೀಟಿಯನ್ನು ಕೆಲವರಿಗೆ ಮೂರು ವಾರದ ಗಡುವಿನಲ್ಲಿ, ಕೆಲವರಿಗೆ ಎರಡು ತಿಂಗಳ ಗಡುವಿನಲ್ಲಿ ಕೊಟ್ಟರು. ಹೆಚ್ಚು ದಿನ ಸಿಕ್ಕವರೇ ಹೆಚ್ಚು ಖುಷಿಪಟ್ಟರು, ಖಂಡಿತ ಬಳಸುತ್ತೇವೆ ಎಂದರು. ಬಳಸಿದವರು ಮಾತ್ರ ಕಡಿಮೆ ದಿನದವರೇ ಹೆಚ್ಚು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಹತ್ತಿರದ್ದರ ಬಗೆಗಿನ ತಾತ್ಸಾರವೆಂದು ಓದುತ್ತೇವೆ. ಇಲ್ಲಿ ತಾತ್ಸಾರವೆಲ್ಲಿದೆ? ಇರುವುದು ನಂಬಿಕೆ: ಗುಡ್ಡ ಎಲ್ಲಿ ಹೋಗುತ್ತದೆ, ನಾಳೆಯೂ ಇರುತ್ತದೆ ಎಂಬ ಪೂರ್ತಿ ನಂಬಿಕೆ.

ಈಗ ಇದೇ ಜನರನ್ನು ಇನ್ನೊಂದು ಕಡೆಯಿಂದ ನೋಡಬೇಕು. ಕುರುಗೋಡಿನ ದೊಡ್ಡ ಬಸವೇಶ್ವರನ ತೇರಿಗೆ ಸುತ್ತಲಿನ ಹಳ್ಳಿಗಳೆಲ್ಲ ಖಾಲಿಯಾಗಿ ಬರುತ್ತವೆ. ಬಿಸಿಲಿಗೆ, ದೂರಕ್ಕೆ, ಮೊಣಕಾಲ ನೋವಿಗೆ ಯಾರೂ ಹೆದರುವುದಿಲ್ಲ. ಬಳ್ಳಾರಿಯ ಕನಕ ದುರ್ಗಮ್ಮನ ಸಿಡಿಬಂಡಿಯನ್ನು ತಪ್ಪಿಸಿಕೊಂಡ ಮನೆ ಕಡಿಮೆ. ಸಿರುಗುಪ್ಪದ ಗದ್ದೆಗಳ ಕಡೆ ನೋಡಿದರೆ ಇಡೀ ವರ್ಷ ನಡೆಯುವುದೇ ಒಂದು ದಿನಾಂಕದ ಮೇಲೆ. ನೀರಾವರಿ ಸಲಹಾ ಸಮಿತಿ ಸಭೆ ಸೇರಿ ಕಾಲುವೆಗೆ ಇಂಥ ದಿನ ನೀರು ಎಂದು ಹೇಳುತ್ತಲೇ ಸಸಿ ಮಡಿ, ಉಳುಮೆ, ನಾಟಿಯ ಆಳುಗಳ ಗುಂಪು ಎಲ್ಲವೂ ತಾನಾಗಿ ಸರಿಹೊಂದುತ್ತವೆ. ಒಂದು ವಾರ ತಡವಾದರೆ ಕಾಲುವೆಯ ಕೊನೆ ಭಾಗದವನಿಗೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಹೀಗೆ ಬದುಕುವವರನ್ನು ಸೋಮಾರಿಗಳೆಂದು ಯಾವ ಬಾಯಿಂದ ಕರೆಯುವುದು? ಅವರ ಖಾಸಗಿ ಆಸೆಗಳಿಗೆ ಮಾತ್ರ ಸಭೆ ಕರೆಯುವವರಿಲ್ಲ, ತಾರೀಖು ಕೊಡುವವರಿಲ್ಲ.

ಈ ಮಾತಿಗೆ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ಈ ಸೀಮೆಯ ಹಳ್ಳಿ ನಾಟಕ. ಬಣ್ಣ ಹಚ್ಚಿ ಒಮ್ಮೆಯಾದರೂ ರಂಗದ ಮೇಲೆ ನಿಲ್ಲಬೇಕೆಂಬುದು ಸಾವಿರಾರು ಜನರ ಮನಸ್ಸಿನಲ್ಲಿರುವ ಆಸೆ, ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯ ಆಸೆ. ನಗರದ ವಿದ್ಯಾವಂತರಲ್ಲಿ ಬಹಳ ಮಂದಿಗೆ ಅದು ಆಸೆಯಾಗಿಯೇ ಮುಗಿಯುತ್ತದೆ. ಹಳ್ಳಿಯಲ್ಲಿ ಹಾಗಲ್ಲ. ಜಾತ್ರೆಗೆ ಎರಡು ಮೂರು ತಿಂಗಳಿರುವಾಗಲೇ ಹತ್ತು ಮಂದಿ ಸೇರಿ ನಾಟಕ ಗೊತ್ತು ಮಾಡುತ್ತಾರೆ. ಹಾರ್ಮೋನಿಯಂ ನುಡಿಸಿ ಕಲಿಸಲು ಮಾಸ್ತರು ಬರುತ್ತಾರೆ. ಯಾರಿಗೆ ಯಾವ ಪಾರ್ಟು ಎಂಬ ಜಗಳ ಮುಗಿದು, ಪಾರ್ಟಿಗೆ ಇಷ್ಟೆಂದು ಹಣ ಹಾಕುವುದು ಮುಗಿದು, ರಾತ್ರಿ ಊಟವಾದ ಮೇಲೆ ಗುಡಿಯ ಕಟ್ಟೆಯಲ್ಲೋ ಶಾಲೆಯ ಪಡಸಾಲೆಯಲ್ಲೋ ತಾಲೀಮು ಶುರುವಾಗುತ್ತದೆ. ಹಗಲೆಲ್ಲ ಮೆಣಸಿನ ಹೊಲದಲ್ಲಿ ಬಗ್ಗಿ ಬಂದವನು ರಾತ್ರಿ ದುರ್ಯೋಧನನ ಮಾತು ಬಾಯಿಪಾಠ ಮಾಡುತ್ತಾನೆ. ಓದು ಬಾರದವನಿಗೆ ಪಕ್ಕದವನು ಸಾಲು ಸಾಲಾಗಿ ಹೇಳಿಕೊಡುತ್ತಾನೆ. ಆಮೇಲೆ ತೆಳ್ಳನೆಯ ಬಣ್ಣದ ಕಾಗದದಲ್ಲಿ ಹ್ಯಾಂಡ್‌ಬಿಲ್ ಬರುತ್ತದೆ. ಮೇಲೆ ದೇವರ ಹೆಸರು, ನಡುವೆ ನಾಟಕದ ಹೆಸರು ದಪ್ಪ ಅಕ್ಷರದಲ್ಲಿ, ಕೆಳಗೆ ಪಾತ್ರವರ್ಗ. ಅಲ್ಲಿ ತನ್ನ ಹೆಸರು, ತಂದೆಯ ಹೆಸರು ಅಚ್ಚಾಗಿ, ಅದು ಬೀಗರ ಊರಿಗೂ ಮುಟ್ಟಿದ ಮೇಲೆ ಹಿಂದೆ ಸರಿಯುವ ಪ್ರಶ್ನೆಯೇ ಇಲ್ಲ. ಆ ಹ್ಯಾಂಡ್‌ಬಿಲ್ಲಿನಲ್ಲಿ ದಿನವೂ ಇದೆ, ಕಾಯುವ ಜನವೂ ಇದ್ದಾರೆ. ಪ್ರತಿಭೆ, ಬಿಡುವು, ದುಡ್ಡು ಇವೆಲ್ಲ ನಗರದವನ ಹತ್ತಿರ ಹೆಚ್ಚಿರಬಹುದು. ಅವನ ಹತ್ತಿರ ಹ್ಯಾಂಡ್‌ಬಿಲ್ ಇಲ್ಲ.

ನಗರದವರಿಗೆ ಇದು ಆಗದ ಮಾತೇನಲ್ಲ ಎಂಬುದಕ್ಕೂ ಬಳ್ಳಾರಿಯಲ್ಲೇ ದೊಡ್ಡ ಹೆಸರಿದೆ. ಬಳ್ಳಾರಿ ರಾಘವ ವಕೀಲರಾಗಿದ್ದರು. ಕಕ್ಷಿಗಾರರು, ಕೋರ್ಟು, ವಾಯಿದೆ ಎಲ್ಲವನ್ನೂ ಇಟ್ಟುಕೊಂಡೇ ತೆಲುಗು, ಕನ್ನಡ, ಇಂಗ್ಲಿಷ್ ರಂಗಭೂಮಿಯಲ್ಲಿ ನಟಿಸಿ, 1928ರಲ್ಲಿ ಇಂಗ್ಲೆಂಡಿಗೂ ಹೋಗಿ ಬರ್ನಾರ್ಡ್ ಷಾ ಅವರನ್ನು ಕಂಡು ಬಂದರು. ಅವರನ್ನು ಅಸಾಮಾನ್ಯರೆಂದು ಬದಿಗಿಡುವುದು ನಮ್ಮ ಅಭ್ಯಾಸ. ಅವರ ಸುತ್ತ ಏನಿತ್ತೆಂಬುದನ್ನೂ ನೋಡಬೇಕು. ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭೆ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮ ಸಭೆ, ಎರಡು ನಾಟಕ ಸಂಘಗಳು ಪೈಪೋಟಿಯಲ್ಲಿ ನಡೆಯುತ್ತಿದ್ದ ಊರು ಅದು. ಆ ಇಬ್ಬರೂ ವಕೀಲಿಕೆಯವರೇ. ಸಂಘವೆಂದರೆ ಕೆಲಸ ಮುಗಿಸಿ ಬರುವವರಿಗಾಗಿ ಕಾಯುವ ಜಾಗ. ರಾಘವರ ಪ್ರತಿಭೆ ಅವರದೇ, ಸಂಶಯವಿಲ್ಲ. ಆದರೆ ಅದು ಆಸೆಯಾಗಿಯೇ ಒಣಗದಂತೆ ಕಾಪಾಡಿದ್ದರಲ್ಲಿ ಆ ಸಭೆಗಳ ಪಾಲು ದೊಡ್ಡದು. ಇವತ್ತು ರಾಘವ ಕಲಾಮಂದಿರ ಅವರ ಹೆಸರಿನಲ್ಲಿ ನಿಂತಿದೆ.

ಒಬ್ಬೊಬ್ಬರ ಆಸೆಗೆ ಇರುವ ಈ ನಿಯಮ ಇಡೀ ಸೀಮೆಯ ಆಸೆಗೂ ಇದೆ. ತುಂಗಭದ್ರೆಗೆ ಅಡ್ಡಕಟ್ಟಿ ಈ ಬರಗಾಲದ ನೆಲಕ್ಕೆ ನೀರು ಹರಿಸಬೇಕೆಂದು ಸರ್ ಆರ್ಥರ್ ಕಾಟನ್ 1860ರಲ್ಲೇ ಯೋಚಿಸಿದ್ದರು. ಬೇಡವೆಂದವರು ಯಾರು? 1876–78ರ ಮಹಾಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆ ಅನುಭವಿಸಿದ್ದನ್ನು ಕಂಡ ಮೇಲಂತೂ ಬೇಡವೆನ್ನುವ ಮಾತೇ ಇರಲಿಲ್ಲ. ಆದರೂ ಮದ್ರಾಸು, ಹೈದರಾಬಾದು, ಮೈಸೂರುಗಳ ನೀರಿನ ಲೆಕ್ಕಾಚಾರದಲ್ಲಿ ದಶಕಗಳು ಕಳೆದವು. ಕೊನೆಗೆ ಎರಡು ಸರ್ಕಾರಗಳು ಒಪ್ಪಿ, ನದಿಯ ಆಚೆ ದಡದಲ್ಲಿ ಹೈದರಾಬಾದು, ಈಚೆ ದಡದಲ್ಲಿ ಮದ್ರಾಸು, 1945ರ ಫೆಬ್ರುವರಿ 28ರಂದು ಅಡಿಗಲ್ಲು ಹಾಕಿದವು. ಎಂಬತ್ತೈದು ವರ್ಷ ಆಸೆಯಾಗಿದ್ದದ್ದು ಎಂಟೇ ವರ್ಷದಲ್ಲಿ ಕಾಲುವೆಗೆ ಇಳಿಯಿತು. 1953ರಲ್ಲಿ ನೀರು ಬಂತು, ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. 2024ರ ಆಗಸ್ಟ್ 10ರ ರಾತ್ರಿ ಅದೇ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗಲೂ ಈ ನಿಯಮವನ್ನೇ ಕಂಡೆವು. ಗದ್ದೆಯಲ್ಲಿ ಪೈರು, ನದಿಯಲ್ಲಿ ಹರಿದುಹೋಗುತ್ತಿರುವ ನೀರು, ದಡದಲ್ಲಿ ಕಾಯುತ್ತಿರುವ ರೈತರು. ತಜ್ಞ ಕನ್ನಯ್ಯ ನಾಯ್ಡು ಮತ್ತು ಕಾರ್ಮಿಕರು ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು.

ನನ್ನ ಈ ವಾದಕ್ಕೆ ಬರುವ ಮೊದಲ ಆಕ್ಷೇಪ ತೂಕದ್ದು. ಬಳ್ಳಾರಿಯಲ್ಲಿ ಪೀಸ್ ಲೆಕ್ಕದಲ್ಲಿ ಜೀನ್ಸ್ ಹೊಲಿಯುವ ಹೆಣ್ಣುಮಗಳಿಗೆ ಒಂದು ತಾಸು ಮೆಷಿನ್ ಬಿಟ್ಟೆದ್ದರೆ ಅಷ್ಟು ಕೂಲಿ ಹೋಯಿತು. ಸಿರುಗುಪ್ಪದ ಕೆಸರಿನಲ್ಲಿ ನಾಟಿ ಮಾಡುವವಳಿಗೆ ದಿನ ಗೊತ್ತು ಮಾಡು ಎಂದು ಹೇಳುವುದು ಹೊಟ್ಟೆ ತುಂಬಿದವರ ಮಾತಲ್ಲವೆ? ಹೌದು, ಬಡತನ ಮತ್ತು ಮನೆಯವರ ಅಪ್ಪಣೆ ಎಂಬ ಎರಡು ಗೋಡೆಗಳ ಮುಂದೆ ನನ್ನ ವಾದ ತಲೆಬಾಗಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣ ಇಲ್ಲವಾದಾಗ ಧರ್ಮಸ್ಥಳದಿಂದ ಮಲೆ ಮಹದೇಶ್ವರ ಬೆಟ್ಟದವರೆಗೆ ದೇವಸ್ಥಾನಗಳು ಕಿಕ್ಕಿರಿದು ತುಂಬಿದವು. ಅದನ್ನು ನೋಡಿ ನಕ್ಕವರೂ ಇದ್ದರು. ಆ ನಗು ನನಗೆ ಸಹಿಸಲಾಗದ್ದು. ಬಸ್ ಚಾರ್ಜಿಗೆ ಅಂಜಿ ಎಷ್ಟು ವರ್ಷಗಳಿಂದ ಎಷ್ಟು ಆಸೆಗಳು ಸೆರಗಿನೊಳಗೇ ಉಳಿದಿದ್ದವೆಂಬ ಲೆಕ್ಕ ನಾಡಿಗೆ ಅಂದು ಸಿಕ್ಕಿತು. ಆದರೆ ಇನ್ನೊಂದನ್ನೂ ಗಮನಿಸಬೇಕು. ಬಸ್ ಪುಕ್ಕಟೆಯಾದ ಮೇಲೆ ಅವರು ಹೊರಟದ್ದು ಹೇಗೆ? ಒಬ್ಬೊಬ್ಬರಾಗಿ ಹೊರಟವರು ಕಡಿಮೆ. ಓಣಿಯ ಐದಾರು ಮಂದಿ, ಸಂಘದ ಗೆಳತಿಯರು, ಅಕ್ಕ ತಂಗಿಯರು ಕೂಡಿಕೊಂಡು, ಅಮಾವಾಸ್ಯೆಯೋ ಹುಣ್ಣಿಮೆಯೋ ನೋಡಿಕೊಂಡು ಹೊರಟರು. ದುಡ್ಡಿನ ಗೋಡೆ ಬಿದ್ದರಷ್ಟೇ ಸಾಲದು. ಬಾ ಎನ್ನುವ ದನಿ ಬೇಕು. ಗೋಡೆ ಬೀಳಿಸುವುದು ಸರ್ಕಾರದ ಕೆಲಸ. ಕರೆಯುವುದು ನಮ್ಮದು.

ಇನ್ನೊಂದು ಆಕ್ಷೇಪ ನಯವಾದದ್ದು. ಕೆಲವು ಆಸೆಗಳು ಆಸೆಯಾಗಿದ್ದಾಗಲೇ ಚೆಂದ, ಎಲ್ಲವನ್ನೂ ಮಾಡಿ ಮುಗಿಸುವುದೇಕೆ ಎಂಬುದು. ಕೆಲವುಗಳ ಮಟ್ಟಿಗೆ ಇದು ನಿಜ. ಇನ್ನೊಬ್ಬರನ್ನು ನೋಡಿ ಹುಟ್ಟಿದ ಆಸೆಗಳನ್ನು ಬಿಟ್ಟುಬಿಡುವುದೇ ಒಳ್ಳೆಯದು. ಆದರೆ ವಯಸ್ಸಾದವರ ಬಾಯಲ್ಲಿ "ಕಲಿಯಬೇಕಿತ್ತು" ಎಂಬ ಮಾತು ಬರುವಾಗ ಅದರಲ್ಲಿ ಚೆಂದವೇನೂ ಕೇಳಿಸುವುದಿಲ್ಲ. ಥಾಮಸ್ ಗಿಲೊವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1990ರ ದಶಕದಲ್ಲಿ ಪಶ್ಚಾತ್ತಾಪದ ಬಗ್ಗೆ ನಡೆಸಿದ ಅಧ್ಯಯನಗಳು ಹೇಳಿದ್ದೂ ಅದನ್ನೇ: ತಕ್ಷಣಕ್ಕೆ ಮಾಡಿದ ತಪ್ಪು ಚುಚ್ಚುತ್ತದೆ, ಕಾಲ ಕಳೆದಂತೆ ಮಾಡದೇ ಬಿಟ್ಟದ್ದು ಹೆಚ್ಚು ಚುಚ್ಚುತ್ತದೆ. ಬಳ್ಳಾರಿಯಲ್ಲಿ ಕನ್ನಡ, ತೆಲುಗು ಎರಡನ್ನೂ ಹುಟ್ಟಿದಾರಭ್ಯ ಮಾತಾಡುವ ಮನೆಗಳು ಲೆಕ್ಕವಿಲ್ಲದಷ್ಟಿವೆ. ಅವರಲ್ಲಿ ಬಹಳ ಮಂದಿಗೆ ಒಂದರ ಲಿಪಿ ಬರುವುದಿಲ್ಲ. ಎರಡೂ ಒಂದೇ ತಾಯಿಲಿಪಿಯಿಂದ ಬಂದ ಅಕ್ಕತಂಗಿಯರು, ಕೂತು ಕಲಿತರೆ ಕೆಲವು ವಾರದ ಕೆಲಸ. ತಾತ ಬರೆದ ತೆಲುಗು ಪತ್ರವನ್ನು ಓದಲಾಗದೆ ಪೆಟ್ಟಿಗೆಯಲ್ಲಿಟ್ಟುಕೊಂಡಿರುವ ಮೊಮ್ಮಗನಿಗೆ ಆ ಆಸೆ ಆಸೆಯಾಗಿಯೇ ಚೆಂದವೆಂದು ಹೇಳುವ ಧೈರ್ಯ ನನಗಿಲ್ಲ.

ಕೊನೆಗೆ, ಗುಡ್ಡ ಎಲ್ಲಿ ಹೋಗುತ್ತದೆ ಎಂಬ ಆ ನಂಬಿಕೆ. ಬೇರೆ ಜಿಲ್ಲೆಯವರು ಹಾಗೆ ನಂಬಬಹುದು. ಗುಡ್ಡಗಳು ಅದಿರಾಗಿ ಲಾರಿ ಹತ್ತಿ ಹೋದದ್ದನ್ನು, ಜಿಲ್ಲೆಯ ಗಣಿಗಾರಿಕೆಯನ್ನೇ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಬೇಕಾಗಿ ಬಂದದ್ದನ್ನು ಕಣ್ಣಾರೆ ಕಂಡ ಬಳ್ಳಾರಿಯವರು ಹಾಗೆ ನಂಬುವಂತಿಲ್ಲ. ಊರಿನಿಂದ ಹತ್ತು ಕಿಲೋಮೀಟರಿನೊಳಗೇ ಸಂಗನಕಲ್ಲು, ಕಪ್ಪಗಲ್ಲಿನ ಗುಡ್ಡಗಳಿವೆ. ಸಾವಿರಾರು ವರ್ಷಗಳ ಹಿಂದೆ ದನ ಸಾಕಿ ಬದುಕಿದ ನವಶಿಲಾಯುಗದ ಜನ ಅಲ್ಲಿನ ಕಪ್ಪು ಬಂಡೆಗಳ ಮೇಲೆ ಉದ್ದ ಕೊಂಬಿನ ಎತ್ತುಗಳನ್ನೂ ಮನುಷ್ಯರನ್ನೂ ಕುಟ್ಟಿ ಕೆತ್ತಿದ್ದಾರೆ. ಕೆಲವು ಬಂಡೆಗಳಲ್ಲಿ ಬಡಿದು ಬಡಿದು ಬಿದ್ದ ಸಣ್ಣ ಗುಳಿಗಳಿವೆ. ಅಲ್ಲಿ ಕಲ್ಲಿನಿಂದ ತಟ್ಟಿದರೆ ಬಂಡೆ ಗಂಟೆಯಂತೆ ನಾದ ಕೊಡುತ್ತದೆ. ಫಾಸೆಟ್ ಎಂಬಾತ 1892ರಲ್ಲೇ ಇವುಗಳ ಬಗ್ಗೆ ಬರೆದ. ಆಮೇಲೆ ಕಲ್ಲುಗಣಿಗಾರಿಕೆ ಆ ಗುಡ್ಡದ ಮೇಲೂ ಕೈ ಹಾಕಿತು, ಒಂದಷ್ಟು ಹಾಳಾಯಿತು. ಅಲ್ಲಿ ಸಿಕ್ಕ ವಸ್ತುಗಳನ್ನು ನೋಡಲು ಬಳ್ಳಾರಿಯಲ್ಲೇ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯವಿದೆ. ಬಂಡೆಗಳನ್ನು ಮಾತ್ರ ಗುಡ್ಡಕ್ಕೇ ಹೋಗಿ ನೋಡಬೇಕು. ಬರುವ ಚಳಿಗಾಲದ ಒಂದು ಭಾನುವಾರವನ್ನು ಇವತ್ತೇ ಗೊತ್ತು ಮಾಡಿ, ಓಣಿಯ ನಾಲ್ಕು ಮಂದಿಗೆ ಹೇಳಿಬಿಡಿ. ಬಿಸಿಲೇರುವ ಮೊದಲೇ ಹೊರಡಿ, ನೀರು ಕಟ್ಟಿಕೊಳ್ಳಿ, ಮಕ್ಕಳನ್ನೂ ಅಜ್ಜಿಯನ್ನೂ ಕರೆದುಕೊಂಡು ಹೋಗಿ.