ಸ್ಟಾಕ್‌ಹೋಮ್‌ನ ದೀಪ, ಮಾಗಡಿ ಕೆರೆಯ ಬಿಸಿಲು

ಜನವರಿ ಎರಡನೇ ವಾರ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಏರಿ ಮೇಲೆ ನಾನೂ ನನ್ನ ಮಗಳೂ ಕುಂತಿದ್ದೆವು. ಮುಂಜಾನೆ ಏಳೂವರೆ. ರಾತ್ರಿಯೆಲ್ಲ ಹೊಲಗಳಲ್ಲಿ ಮೇಯ್ದ ಪಟ್ಟೆತಲೆ ಹೆಬ್ಬಾತುಗಳು ಸಾಲುಸಾಲಾಗಿ ವಾಪಸ್ ಬಂದು ನೀರಿಗಿಳಿಯುತ್ತಿದ್ದವು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿಗಳಿವು. 2024ರಲ್ಲಿ ಈ ಕೆರೆಗೆ ರಾಮ್ಸರ್ ಮನ್ನಣೆ ಸಿಕ್ಕಿದೆ. ಗದಗಿನವಳಾದ ನಾನೇ ಅಲ್ಲಿಗೆ ಹೋದದ್ದು ಅದೇ ಎರಡನೇ ಸಲ, ನಾಚಿಕೆ ಬಿಟ್ಟು ಹೇಳುತ್ತೇನೆ.

ಮಗಳು ಹಕ್ಕಿ ನೋಡುವುದು ಬಿಟ್ಟು ಸೂರ್ಯನ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ ಕುಂತಿದ್ದಳು.

"ಹಕ್ಕಿ ನೋಡವಾ, ಅದಕ್ಕಂತನ ನಸುಕಿನ್ಯಾಗ ಎಬ್ಬಿಸಿಕೊಂಡ ಬಂದೇನಿ" ಅಂದೆ.

"ಅವೂ ಬಿಸಲ ಹುಡುಕ್ಕೊಂತ ಬಂದಾವು, ನಾನೂ ಅದಕ್ಕ ಬಂದೇನಿ. ಸುಮ್ಮನ ಕುಂದರಬೇ ಅವ್ವಾ" ಅಂದು ನಕ್ಕಳು. ಎರಡು ತಿಂಗಳಲ್ಲಿ ಆಕಿ ಬಾಯಿಬಿಟ್ಟು ನಕ್ಕಿದ್ದು ನಾ ಕೇಳಿರಲಿಲ್ಲ.

ಆ ಎರಡು ತಿಂಗಳ ಕಥೆ ಹೇಳಬೇಕು. ಮಗಳು, ಅಳಿಯ ಇಬ್ಬರೂ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ನೌಕರಿ ಮಾಡುತ್ತಾರೆ. ನಿವೃತ್ತಿಯಾದ ಮೇಲೆ ಮೊದಲ ಸಲ ನವೆಂಬರ್‌ನಲ್ಲಿ ಅಲ್ಲಿಗೆ ಹೋದೆ. ಊರು ಚೆಂದ, ರಸ್ತೆ ಚೆಂದ, ಎಲ್ಲಾ ಚೆಂದ. ಆದರೆ ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲು! ಡಿಸೆಂಬರ್‌ನಲ್ಲಿ ಮುಂಜಾನೆ ಎಂಟೂ ಮುಕ್ಕಾಲಿಗೆ ಹುಟ್ಟಿದ ಸೂರ್ಯ ಮೂರು ಗಂಟೆಯೊಳಗೆ ಮುಳುಗುತ್ತಾನೆ. ಹುಟ್ಟಿದ್ದಾದರೂ ಕಾಣುತ್ತದೆಯೇ ಅಂದರೆ ಅದೂ ಇಲ್ಲ, ಮೋಡ. ನಮ್ಮಲ್ಲಿ ವರ್ಷದ ಅತಿ ಸಣ್ಣ ಹಗಲೂ ಹನ್ನೊಂದು ತಾಸಿಗಿಂತ ಕಡಿಮೆ ಇರುವುದಿಲ್ಲ. ಅಲ್ಲಿ ಆರು ತಾಸು.

ಮಗಳು ಶನಿವಾರ, ರವಿವಾರ ಹನ್ನೊಂದರವರೆಗೆ ಹಾಸಿಗೆ ಬಿಡುತ್ತಿರಲಿಲ್ಲ. ಎದ್ದರೂ ಮಂಕು. ಅಡಿಗೆ ಬೇಡ, ಮಾತು ಬೇಡ. ಬ್ರೆಡ್ಡು, ಬಿಸ್ಕೀಟು, ಸಿಹಿ ಮಾತ್ರ ಕೈಗೆ ಸಿಕ್ಕಷ್ಟು. ನಾನು ಹಳೇ ಕಾಲದ ಮಾಸ್ತರಿಣಿ. "ಇಷ್ಟ ಹೊತ್ತಿನ ತನಕಾ ಹೆಣ್ಣಮಕ್ಕಳು ಮಲಗತಾರೇನ? ಸೋಂಬೇರಿ ಆಗೀ ನೀ" ಅಂತ ಬೈದೆ. ಒಳಗೊಳಗೆ ಗಂಡ ಹೆಂಡಿರ ನಡುವೆ ಏನೋ ಆಗಿರಬೇಕು ಅಂತ ಅಳಿಯನ ಮೇಲೂ ಸಂಶಯ. ಪಾಪ, ಆತ ಎರಡು ವಾರ ನನ್ನ ಗಂಟುಮುಖ ನೋಡಿಕೊಂಡೇ ಚಹಾ ಮಾಡಿಕೊಟ್ಟ.

ಒಂದು ರಾತ್ರಿ ಮಗಳು ನನ್ನ ಪಕ್ಕ ಬಂದು ಮಲಗಿದಳು. "ಅವ್ವಾ, ನಾ ಸೋಂಬೇರಿ ಅಲ್ಲಬೇ. ಬೆಳಗ ಆಗೂದ ಬ್ಯಾಡ ಅನಸತೈತಿ. ಮೂರ ವರ್ಷಾತು, ನವೆಂಬರ್ ಬಂತಂದ್ರ ಹಿಂಗ. ಮಾರ್ಚಿಗೆ ತಾನ ಸರಿ ಆಗತೈತಿ" ಅಂದು ಅತ್ತಳು. ನಾನು ಬೈದದ್ದೆಲ್ಲ ನೆನಪಾಗಿ ಎದೆಯಲ್ಲಿ ಕುಟ್ಟಿದಂತಾಯಿತು.

ಮರುವಾರ ಮೂವರೂ ಡಾಕ್ಟರ ಹತ್ತಿರ ಹೋದೆವು. ಆಗ ಗೊತ್ತಾದದ್ದು, ಇದಕ್ಕೆ ಹೆಸರಿದೆ: ಋತುಮಾನದ ಖಿನ್ನತೆ. 1984ರಲ್ಲಿ ಅಮೆರಿಕದಲ್ಲಿ ನಾರ್ಮನ್ ರೋಸೆಂತಾಲ್ ಎಂಬ ಮನೋವೈದ್ಯರು ಮತ್ತು ಅವರ ಸಂಗಡಿಗರು ಇದನ್ನು ವಿವರಿಸಿ ಬರೆದರು. ಅವರೂ ಬಿಸಿಲಿನ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಬೆಳೆದವರು. ಅಮೆರಿಕದ ಚಳಿಗಾಲಕ್ಕೆ ಬಂದ ಮೇಲೆ ತಮಗೇ ಹೀಗಾಗುವುದನ್ನು ಗಮನಿಸಿದವರು. ಇದನ್ನು ಕೇಳಿ ಮಗಳಿಗೆ ಅರ್ಧ ಸಮಾಧಾನವಾಯಿತು, ತಾನೊಬ್ಬಳೇ ಅಲ್ಲ ಅಂತ.

ಡಾಕ್ಟರು ಮಾತಿನ ಚಿಕಿತ್ಸೆ, ಬೇಕಾದರೆ ಗುಳಿಗೆ ಎಲ್ಲ ವಿವರಿಸಿ, ಮೊದಲು ಬೆಳಕಿನ ದೀಪ ಬಳಸಿ ನೋಡಬಹುದು ಅಂದರು. ದೀಪ ಅಂದರೆ ಟೇಬಲ್ ಮೇಲಿಡುವ, ನಮ್ಮ ಶಾಲೆಯ ಪಾಟಿಗಿಂತ ಸ್ವಲ್ಪ ದೊಡ್ಡದಾದ ಬಿಳಿ ಹಲಗೆ. ಹತ್ತು ಸಾವಿರ ಲಕ್ಸ್ ಬೆಳಕು. ಮನೆಯೊಳಗಿನ, ಆಫೀಸಿನ ಬೆಳಕು ಐದುನೂರು ಲಕ್ಸ್ ದಾಟುವುದೇ ಅಪರೂಪವಂತೆ. ಮುಂಜಾನೆ ಎದ್ದ ಕೂಡಲೇ ದೀಪದಿಂದ ಒಂದು ಮೊಳದಷ್ಟು ದೂರದಲ್ಲಿ ಅರ್ಧ ತಾಸು ಕೂರಬೇಕು. ಕಣ್ಣು ತೆರೆದಿರಬೇಕು, ಆದರೆ ದಿಟ್ಟಿಸಬಾರದು. ಪೇಪರ್ ಓದಬಹುದು, ನಾಷ್ಟಾ ಮಾಡಬಹುದು. ಕಣ್ಣಿನೊಳಗೆ ಹೋದ ಬೆಳಕು ಮಿದುಳಿನಲ್ಲಿರುವ ಗಡಿಯಾರಕ್ಕೆ ಬೆಳಗಾಯಿತು ಅಂತ ಹೇಳುತ್ತದೆ. ರಾತ್ರಿ ನಿದ್ದೆ ತರಿಸುವ ಮೆಲಟೋನಿನ್ ಆಗ ಹಿಂದೆ ಸರಿಯುತ್ತದೆ. ಸಂಜೆ ಇದನ್ನು ಹಚ್ಚಿದರೆ ನಿದ್ದೆ ಕೆಡುತ್ತದೆ. ಕೆಲವರಿಗೆ ತಲೆನೋವು, ಕಣ್ಣುರಿ ಬರುವುದುಂಟು. ಕಣ್ಣಿನ ರೆಟಿನಾ ತೊಂದರೆ ಇರುವವರು, ಮನಸ್ಸು ಒಮ್ಮೆ ಅತಿ ಉಬ್ಬಿ ಒಮ್ಮೆ ಕುಸಿಯುವ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಬಳಸಲೇಬಾರದು.

ಆ ದೇಶದವರಿಗೂ ಕತ್ತಲೆ ಸಲೀಸಲ್ಲ. ಡಿಸೆಂಬರ್‌ನಲ್ಲಿ ಪ್ರತಿ ಕಿಟಕಿಯಲ್ಲೂ ದೀಪ, ಕಾಗದದ ನಕ್ಷತ್ರ. ಉತ್ತರದ ಉಮಿಯೊ ಊರಿನಲ್ಲಿ 2012ರಲ್ಲಿ ಬಸ್ ನಿಲ್ದಾಣಗಳಲ್ಲೇ ಇಂಥ ಚಿಕಿತ್ಸೆಯ ದೀಪ ಹಾಕಿದ್ದರು, ಬಸ್ಸಿಗೆ ಕಾಯುವವರಿಗೆ ಒಂದಿಷ್ಟು ಬೆಳಕು ಸಿಗಲಿ ಅಂತ.

ದಿನಾ ಮುಂಜಾನೆ ಏಳಕ್ಕೆ ಮಗಳ ಜೋಡಿ ನಾನೂ ದೀಪದ ಮುಂದೆ ಕೂರುತ್ತಿದ್ದೆ. ಹೊರಗೆ ಕಗ್ಗತ್ತಲು, ಒಳಗೆ ಆ ಬಿಳಿ ಹಲಗೆ, ನಡುವೆ ನಮ್ಮಿಬ್ಬರ ಚಹಾ. ಮೊದಲ ನಾಲ್ಕೈದು ದಿನ ಏನೂ ಆಗಲಿಲ್ಲ. ಎರಡನೇ ವಾರ ಒಂದು ಮುಂಜಾನೆ ಆಕಿ ತಾನೇ ಎದ್ದು ಉಪ್ಪಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ದೊಡ್ಡ ಸುದ್ದಿಯೇನಲ್ಲ, ಆದರೆ ನನ್ನ ಕಣ್ಣು ತುಂಬಿತು. ಉಳ್ಳಾಗಡ್ಡಿ ಮೇಲೆ ಹಾಕಿದೆ.

ಹೊಸ ವರ್ಷಕ್ಕೆ ಆಕಿಗೆ ರಜೆ ಸಿಕ್ಕಿತು. ನನ್ನ ಜೋಡಿ ಬೆಟಗೇರಿಗೆ ಬಂದಳು.

ನಮ್ಮ ತವರಿನದು ಹಳೇ ಮಾಳಿಗೆ ಮನೆ. ಅಪ್ಪ ನೇಕಾರ. ಮಾಳಿಗೆಯ ಬೆಳಕಿಂಡಿ ಎಲ್ಲಿತ್ತೋ ಅಲ್ಲೇ ಕೆಳಗೆ ಕುಣಿಮಗ್ಗ ಹೂಡಿದ್ದ. ಬೆಳಕು ಸರಿದಂತೆ ಆತನ ಕೆಲಸವೂ ಸರಿಯುತ್ತಿತ್ತು. ಮಗ್ಗ ಈಗಿಲ್ಲ, ಬೆಳಕಿಂಡಿ ಇದೆ. ಮಗಳು ಹಾಸಿಗೆಯನ್ನು ಅದರ ಕೆಳಗೇ ಹಾಕಿಕೊಂಡಳು. "ಅಜ್ಜ ಇಲ್ಲೇ ಯಾಕ ಕುಂದರತಿದ್ದ ಅಂತ ಈಗ ಗೊತ್ತಾತು" ಅಂದಳು.

ಹತ್ತು ದಿನ ತಿರುಗಿದ್ದೇ ತಿರುಗಿದ್ದು. ಗದಗಿನ ತ್ರಿಕೂಟೇಶ್ವರ, ವೀರನಾರಾಯಣ ಗುಡಿ, ಸಂಜೆ ಮಿರ್ಚಿ, ಗಿರಮಿಟ್ಟು. ಲಕ್ಷ್ಮೇಶ್ವರ, ಅಂದರೆ ಪಂಪ ಹೇಳಿದ ಪುಲಿಗೆರೆ. ಸೋಮೇಶ್ವರ ಗುಡಿಯಲ್ಲಿ ನಂದಿ ಮೇಲೆ ಕುಳಿತ ಶಿವ ಪಾರ್ವತಿಯರನ್ನು ನೋಡಿ ಕೈಮುಗಿದು, ಕತ್ತಲ ನವರಂಗದಿಂದ ಬೇಗನೆ ಹೊರಬಂದು ಅಂಗಳದ ಬಿಸಿಲಲ್ಲಿ ಕುಂತುಬಿಟ್ಟಳು. ನಾನೇ ಒಳಗೆ ನಿಂತು ಕಂಬದ ಕೆತ್ತನೆ ನೋಡಿದೆ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹೋಗಿ, ಮರುದಿನ ಮಾಗಡಿ ಕೆರೆ.

ಸಂಕ್ರಾಂತಿಗೆ ಮುಂಡರಗಿ ತಾಲ್ಲೂಕಿನ ಸಿಂಗಟಾಲೂರಿಗೆ ಹೋದೆವು. ವೀರಭದ್ರ ದೇವರ ಗುಡ್ಡ ಹತ್ತಿದರೆ ಕೆಳಗೆ ತುಂಗಭದ್ರೆ, ಅದರ ಮೇಲೆ ಬಿಸಿಲು ಮಿಣಮಿಣ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನಿಕಾಯಿ ಎಣ್ಣಿಗಾಯಿ, ಶೇಂಗಾ ಹೋಳಿಗೆ ಬುತ್ತಿ ಬಿಚ್ಚಿದೆವು. ಮಗಳು ಫೋನಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡಿದ್ದಳು. ನೇರ ಬಿಸಿಲು ಲಕ್ಷ ಲಕ್ಸ್ ಹತ್ತಿರ ಹೋಗುತ್ತದಂತೆ, ಆಕಿಯ ದೀಪದ ಹತ್ತು ಪಟ್ಟು. "ಪುಕ್ಕಟೆ ಐತಿ ನೋಡಬೇ" ಅಂದಳು. ಬೇಸಿಗೆಯಲ್ಲಿ ಇದೇ ಬಿಸಿಲಿಗೆ ಶಾಪ ಹಾಕುವ ನಾವು ಏನನ್ನೋಣ!

ಊರಿಗೆ ಬಂದರೆ ಎಲ್ಲ ಸರಿಹೋಗುತ್ತದೆ ಅಂತ ಮಾತ್ರ ಯಾರೂ ತಿಳಿಯಬಾರದು. ಬಿಸಿಲಿನ ನಮ್ಮ ಊರಲ್ಲೂ ಮನಸ್ಸು ಕತ್ತಲಾದವರು ಬೇಕಾದಷ್ಟು ಜನ ಇದ್ದಾರೆ, ಅದರ ಕಾರಣಗಳೇ ಬೇರೆ, ಅವರನ್ನೂ ನಾವು ಸೋಂಬೇರಿ ಅಂತಲೇ ಕರೆಯುತ್ತೇವೆ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್‌ನವರು ಪುಕ್ಕಟೆಯಾಗಿ ಕನ್ನಡದಲ್ಲೇ ಮಾತಾಡುತ್ತಾರೆ. ಇದನ್ನು ನಮ್ಮ ಓಣಿಯ ಇಬ್ಬರಿಗೆ ಬರೆದುಕೊಟ್ಟಿದ್ದೇನೆ.

ಮಗಳು ಫೆಬ್ರುವರಿಯಲ್ಲಿ ವಾಪಸ್ ಹೋದಳು. ಈ ಸಲ ಡಾಕ್ಟರು ಹೇಳಿದಂತೆ ಕತ್ತಲು ಕವಿಯುವ ಮುಂಚೆಯೇ, ಸೆಪ್ಟೆಂಬರ್ ಕೊನೆಗೇ ದೀಪ ಹಚ್ಚಲು ಸುರು ಮಾಡಿದ್ದಾಳೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೋಡವಿದ್ದರೂ ಹೊರಗೆ ನಡೆಯುತ್ತಾಳೆ. ಅಲ್ಲಿ ಏಳಾದರೆ ನಮಗೆ ಹನ್ನೊಂದೂವರೆ. ದಿನಾ ಆ ಹೊತ್ತಿಗೆ ನಾನು ಕಟ್ಟೆ ಮೇಲೆ ಕುಂತು ವಿಡಿಯೋ ಕಾಲ್ ಮಾಡುತ್ತೇನೆ. ಆಕಿಯ ಒಂದು ಕೆನ್ನೆ ದೀಪದ ಬೆಳಕಿಗೆ ಬೆಳ್ಳಗೆ ಕಾಣುತ್ತದೆ.

"ಎಷ್ಟ ಹೊತ್ತಾತವಾ?" ಅಂತ ಕೇಳುತ್ತೇನೆ.

"ಇನ್ನ ಹತ್ತ ನಿಮಿಷ ಐತಿ ಬೇ. ನೀ ಮಾತಾಡು" ಅನ್ನುತ್ತಾಳೆ.