ವೇಷ ತೊಟ್ಟ ವಾದ: ಮನೋವೇಗ ಮತ್ತು ಡೀಫೋ

ಕನ್ನಡ ಸಾಹಿತ್ಯ ಚರಿತ್ರೆಯ ಪಾಠದಲ್ಲಿ ಮತಖಂಡನೆಯ ಕೃತಿಗಳಿಗೆ ದೊರೆಯುವ ಅವಕಾಶ ಕಡಿಮೆ. ಬ್ರಹ್ಮಶಿವನ ‘ಸಮಯಪರೀಕ್ಷೆ’, ವೃತ್ತವಿಲಾಸನ ‘ಧರ್ಮಪರೀಕ್ಷೆ’ ಎಂದು ಹೆಸರಿಸಿ, ಕಾಲವನ್ನೂ ಛಂದಸ್ಸನ್ನೂ ತಿಳಿಸಿ ಮುಂದಿನ ಕವಿಗೆ ಹೋಗುವುದು ವಾಡಿಕೆ. ಇದರ ಹಿಂದೆ ಒಂದು ಸಂಕೋಚವಿದೆ. ನನ್ನ ವಿದ್ಯಾರ್ಥಿಗಳಲ್ಲಿ ಮಧುಗಿರಿಯ ದಂಡಿನ ಮಾರಮ್ಮನಿಗೆ ನಡೆದುಕೊಳ್ಳುವ ಮನೆಯವರಿದ್ದಾರೆ. ಕೊರಟಗೆರೆಯ ಸಿದ್ಧರಬೆಟ್ಟವನ್ನು ಭಕ್ತಿಯಿಂದ ಹತ್ತುವವರು, ಪಾವಗಡದ ಶನಿಮಹಾತ್ಮನಿಗೆ ಹರಕೆ ಹೊತ್ತವರು, ಶಿರಾದ ಮಲಿಕ್ ರಿಹಾನ್ ದರ್ಗಾದ ಆಸುಪಾಸಿನಲ್ಲಿ ಬೆಳೆದವರೂ ಇದ್ದಾರೆ. ಅನ್ಯದೇವತೆಗಳನ್ನು ಹಾಸ್ಯಮಾಡುವ ಜೈನಕೃತಿಯನ್ನು ಜೈನನಾದ ನಾನು ಇವರೆದುರು ಯಾವ ದನಿಯಲ್ಲಿ ಓದಬೇಕು? ವಿದ್ಯಾರ್ಥಿನಿಯೊಬ್ಬಳು ಒಮ್ಮೆ ನೇರವಾಗಿಯೇ ಕೇಳಿದಳು: “ಇದನ್ನು ಸಾಹಿತ್ಯ ಅಂತ ಓದಬೇಕಾ ಸರ್, ಬೈಗುಳ ಅಂತ ಓದಬೇಕಾ?”

ಈ ಪ್ರಶ್ನೆಯನ್ನು ಬಿಡಿಸಿಕೊಳ್ಳಲು ನನಗೆ ನೆರವಾದದ್ದು ಹದಿನೆಂಟನೆಯ ಶತಮಾನದ ಆರಂಭದ ಲಂಡನ್ನಿನ ಒಂದು ಕಿರುಹೊತ್ತಿಗೆ. ಆಗ ಇಂಗ್ಲೆಂಡಿನಲ್ಲಿ ರಾಜಮನ್ನಣೆಯ ಆಂಗ್ಲಿಕನ್ ಚರ್ಚಿಗೂ ಅದರಿಂದ ಹೊರಗುಳಿದ ಪ್ರೊಟೆಸ್ಟಂಟರಿಗೂ, ಅಂದರೆ ‘ಡಿಸೆಂಟರ್’ಗಳಿಗೂ, ಕಿರುಹೊತ್ತಿಗೆಗಳ ಸಮರ ನಡೆದಿತ್ತು. 1689ರ ಸಹಿಷ್ಣುತಾ ಕಾಯಿದೆ ಡಿಸೆಂಟರ್‌ಗಳಿಗೆ ಆರಾಧನೆಯ ಸ್ವಾತಂತ್ರ್ಯ ಕೊಟ್ಟಿತ್ತು. ಆದರೆ ಅಧಿಕಾರಸ್ಥಾನಕ್ಕೆ ಬರಬೇಕಾದರೆ ಆಂಗ್ಲಿಕನ್ ವಿಧಿಯ ಪ್ರಭುಭೋಜನ ಸ್ವೀಕರಿಸಬೇಕೆಂಬ ನಿಯಮ ಉಳಿದಿತ್ತು. ಹಲವರು ಒಮ್ಮೆ ಮಾತ್ರ ಹಾಗೆ ಸ್ವೀಕರಿಸಿ ಅಧಿಕಾರ ಪಡೆಯುತ್ತಿದ್ದರು. ಇದನ್ನು ತಡೆಯಬೇಕೆಂದು ಆಂಗ್ಲಿಕನ್ ಉಗ್ರವಾದಿಗಳು ಪಟ್ಟುಹಿಡಿದಾಗ, 1702ರ ಡಿಸೆಂಬರಿನಲ್ಲಿ ಹೆಸರಿಲ್ಲದ ಹೊತ್ತಿಗೆಯೊಂದು ಹೊರಬಂದಿತು. ಅದರ ಹೆಸರು ‘ದಿ ಷಾರ್ಟೆಸ್ಟ್ ವೇ ವಿತ್ ದಿ ಡಿಸೆಂಟರ್ಸ್’. ಡಿಸೆಂಟರ್‌ಗಳನ್ನು ಗಡೀಪಾರು ಮಾಡಿ, ಅವರ ಬೋಧಕರನ್ನು ಗಲ್ಲಿಗೇರಿಸಿ ಎಂಬುದು ಅದರ ವಾದ. ಬರೆದವನು ಸ್ವತಃ ಡಿಸೆಂಟರ್ ಆಗಿದ್ದ, ಮುಂದೆ ‘ರಾಬಿನ್ಸನ್ ಕ್ರೂಸೋ’ ಬರೆದ ಡೇನಿಯಲ್ ಡೀಫೋ. ಎದುರಾಳಿಯ ದನಿಯನ್ನೇ ತೊಟ್ಟು, ಆ ವಾದದ ಕೊನೆ ಎಲ್ಲಿ ಮುಟ್ಟುತ್ತದೆಂದು ಅವನು ತೋರಿಸಹೊರಟಿದ್ದ. ವ್ಯಂಗ್ಯವನ್ನು ಓದುಗರು ಹಿಡಿಯಲಿಲ್ಲ. ಗುಟ್ಟು ತಿಳಿದಾಗ ಎರಡೂ ಪಕ್ಷದವರು ಕೆರಳಿದರು. ಹೊತ್ತಿಗೆಯನ್ನು ಸುಡಲಾಯಿತು. 1703ರ ಜುಲೈನಲ್ಲಿ ಡೀಫೋನ ತಲೆ ಮತ್ತು ಕೈಗಳನ್ನು ಮರದ ಚೌಕಟ್ಟಿನಲ್ಲಿ ಸಿಕ್ಕಿಸಿ ಮೂರು ದಿನ ಬೀದಿಯಲ್ಲಿ ನಿಲ್ಲಿಸಿದರು.

ಇದನ್ನು ಓದುವಾಗ ಕನ್ನಡದವರಿಗೆ ‘ಧರ್ಮಪರೀಕ್ಷೆ’ಯ ಮನೋವೇಗ ನೆನಪಾಗದಿರನು. 1014ರಲ್ಲಿ ಅಮಿತಗತಿ ಸಂಸ್ಕೃತದಲ್ಲಿ ರಚಿಸಿದ ಕೃತಿಯನ್ನು ವೃತ್ತವಿಲಾಸನು ಹದಿನಾಲ್ಕನೆಯ ಶತಮಾನದಲ್ಲಿ ಕನ್ನಡ ಚಂಪುವಾಗಿಸಿದ. ಗೆಳೆಯ ಪವನವೇಗನ ಮನಸ್ಸನ್ನು ತಿರುಗಿಸಲೆಂದು ಮನೋವೇಗನು ಅವನೊಡನೆ ವೇಷ ಮರೆಸಿಕೊಂಡು ಪಾಟಲೀಪುತ್ರದ ವಿದ್ವತ್ಸಭೆಯನ್ನು ಹೊಗುತ್ತಾನೆ. ಅಸಂಭವವಾದ ಕಥೆಯೊಂದನ್ನು ಹೇಳುತ್ತಾನೆ. ಸಭೆ ನಂಬದಿದ್ದಾಗ, ನಿಮ್ಮ ಪುರಾಣದಲ್ಲೂ ಇಂಥದೇ ಇದೆಯಲ್ಲ ಎಂದು ತೋರಿಸುತ್ತಾನೆ. ಎದುರಾಳಿಯನ್ನು ಅವನ ಮಾತಿನಿಂದಲೇ ಕಟ್ಟಿಹಾಕುವ ಉಪಾಯ ಇಬ್ಬರಲ್ಲೂ ಒಂದೇ. ಭೇದವಿರುವುದು ಓದುಗನೊಡನೆ ಇಟ್ಟುಕೊಂಡ ಸಂಬಂಧದಲ್ಲಿ. ಮನೋವೇಗನ ವೇಷ ನಮಗೆ ಮೊದಲೇ ಗೊತ್ತು. ಸಭೆಯೆದುರು ಅವನು ತನ್ನ ಉದ್ದೇಶವನ್ನು ಬಿಚ್ಚಿಡುತ್ತಾನೆ. ಡೀಫೋ ತನ್ನ ವಿವರಣೆಯನ್ನು ಪ್ರಕಟಿಸುವ ಹೊತ್ತಿಗೆ ಹೊತ್ತು ಮೀರಿತ್ತು.

ಆದರೂ ಜೈನಕೃತಿಯ ಪರವಾಗಿ ತೀರ್ಪು ಕೊಟ್ಟು ಸುಮ್ಮನಾಗಲಾರೆ. ‘ಧರ್ಮಪರೀಕ್ಷೆ’ಯ ಸಭೆಯವರು ಬಹಳ ಸುಲಭವಾಗಿ ನಿರುತ್ತರರಾಗುತ್ತಾರೆ, ಏಕೆಂದರೆ ಎರಡೂ ಪಕ್ಷದ ಮಾತನ್ನು ಬರೆದವನು ಒಬ್ಬನೇ. ಪುಸ್ತಕದ ಹೊರಗೆ ಎದುರಾಳಿ ಹಾಗೆ ಮೌನವಾಗುವುದಿಲ್ಲ. ವೃತ್ತವಿಲಾಸನ ಶತಮಾನದಲ್ಲಿಯೇ, 1368ರಲ್ಲಿ, ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ಬುಕ್ಕರಾಯನಲ್ಲಿ ಮೊರೆಯಿಟ್ಟರು. ಹಾಗೆ ಮೊರೆಯಿಟ್ಟವರಲ್ಲಿ ನಮ್ಮ ಪಾವಗಡದ ಗಡಿಯಾಚೆಯ ಪೆನುಗೊಂಡೆಯವರೂ ಇದ್ದರು. ದೊರೆ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಜೈನರಿಗೆ ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಹಿಂದಿನಂತೆಯೇ ಸಲ್ಲಬೇಕೆಂದು ವಿಧಿಸಿದನೆಂದು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ಕಾವ್ಯದಲ್ಲಿ ಗೆದ್ದವರು ಬೀದಿಯಲ್ಲಿ ರಕ್ಷಣೆ ಬೇಡಬೇಕಾಗಿತ್ತು. ಈ ಶಾಸನವನ್ನು ಸಾಮರಸ್ಯದ ಹೆಮ್ಮೆಗಾಗಿ ಮಾತ್ರ ಉದ್ಧರಿಸುವವರು ಅದರೊಳಗಿನ ಮೊರೆಯನ್ನೂ ಓದಬೇಕು.

ಡಿಸೆಂಟರ್ ಪರಂಪರೆಯ ಲಂಡನ್ ಮಿಷನ್ 1810ರಲ್ಲಿ ಬಳ್ಳಾರಿಗೆ ಬಂದಿತು. ಆಂಗ್ಲಿಕನ್ ಚರ್ಚಿನೊಳಗೇ ಹುಟ್ಟಿ ಅದರಿಂದ ಬೇರೆಯಾದ ವೆಸ್ಲಿಯನ್ನರು 1837ರಲ್ಲಿ ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ ನೆಲೆನಿಂತರು. ಕನ್ನಡದಲ್ಲಿ ಅಚ್ಚಾದ ಧರ್ಮಪ್ರಚಾರದ ಹೊತ್ತಿಗೆ ಅವರೊಡನೆ ಬಂದ ಹೊಸ ವಸ್ತು. ಪರಮತದ ಪುರಾಣವನ್ನು ಓದಿ ಅದರಿಂದಲೇ ಪ್ರಶ್ನಿಸುವ ವಿದ್ಯೆ ಕನ್ನಡಕ್ಕೆ ಹಳೆಯದು. ಹೀಗೆ ಪ್ರಶ್ನಿಸುವ ಸರದಿ ಒಬ್ಬರಿಂದೊಬ್ಬರಿಗೆ ದಾಟುತ್ತ ಬಂದಿದೆ.

ಆದ್ದರಿಂದ ‘ಸಮಯಪರೀಕ್ಷೆ’ಯನ್ನು ತರಗತಿಯಲ್ಲಿ ಬಿಡದೆ ಓದಿಸುತ್ತೇನೆ. ಅದು ಹಳಿಯುವ ಆಚರಣೆಗಳ ವಿವರಗಳು ಹನ್ನೆರಡನೆಯ ಶತಮಾನದ ಜನಜೀವನಕ್ಕೆ ಸಾಕ್ಷಿಯಾಗಿ ಉಳಿದಿವೆ. ನಿಂದಿಸಲು ಬರೆದವನೇ ಅವನ್ನು ಕಾಪಾಡಿಟ್ಟಿದ್ದಾನೆ. ಆ ವಿದ್ಯಾರ್ಥಿನಿಗೆ ನಾನು ಹೇಳಿದ್ದು ಇಷ್ಟು: “ಖಂಡನೆಯನ್ನು ಓದುವಾಗ ಒಂದು ವಿಚಾರ ಕೇಳಿಕೊಳ್ಳಮ್ಮ. ಬೈಸಿಕೊಂಡವರು ಇದನ್ನು ಓದಿದರೆ, ಇದು ನಮ್ಮ ನಂಬಿಕೆಯೇ ಹೌದು ಎಂದು ಗುರುತಿಸುತ್ತಾರೋ? ಗುರುತಿಸಿದರೆ ಅದು ಪರೀಕ್ಷೆ. ಗುರುತಿಸದಿದ್ದರೆ ನೀನು ಹೇಳಿದ ಎರಡನೆಯ ಮಾತೇ ಸರಿ.” ಅವಳು ಪುಸ್ತಕ ತೆರೆದು, ಗ್ರಾಮದೇವತೆಗಳ ಭಾಗದಿಂದಲೇ ಶುರುಮಾಡೋಣ ಎಂದಳು.